ಲಕೋಟಿಯ ರೇಟು, ಸುತ್ತಿಗಿಯ ಏಟು

ಎಲ್ಲಾರ ಕೆಲಸದಾಗೂ ನಡುನಡುವ ಒಂದೊಂದು ಫಜೀತಿ ಆಗತೈತಿ. ನನ್ನ ಫಜೀತಿಯೊಳಗ ನಡುನಡುವ ಒಂದೊಂದು ಕೆಲಸ ಆಗತಿತ್ತು.

ನಾ ಲಿಲಾವು ಕೂಗಾಂವ. ಬಿಳೀ ಸಾಹೇಬರು ದೇಶಾ ಬಿಟ್ಟು ಹತ್ತು-ಹನ್ನೆರಡು ವರ್ಷ ಆಗಿದ್ರೂ ಅವರ ಬಂಗಲೆ ಸಾಮಾನು ಇನ್ನೂ ನಮ್ಮ ಕಾಡಿನ ಊರುಗಳೊಳಗ ಕೈಯಿಂದ ಕೈಗೆ ಅಡ್ಡಾಡತಿತ್ತು. ಗಡಿಯಾರ, ಕಂದೀಲು, ದುರ್ಬೀನು, ಹಳೇ ನಾಣ್ಯ, ಏನೇನೋ. ಹಳಿಯಾಳದ ಒಬ್ಬ ಮಾಲಕರು ಅದನ್ನೆಲ್ಲಾ ಕೂಡಿಸಿ ಊರೂರಿಗೆ ಒಯ್ದು ಲಿಲಾವು ಮಾಡಸತಿದ್ರು. ಮೊದಲನೇ ದಿನ ನನ್ನ ಕೈಯಾಗ ಒಂದು ಕಟ್ಟಿಗಿ ಸುತ್ತಿಗಿ ಕೊಟ್ಟು ಹೇಳಿದ್ರು:

"ಒಂದೊಂದು ಸಾಮಾನಿಗೂ ಒಂದೊಂದು ಲಕೋಟಿ ಐತಿ. ಅದರೊಳಗ ಸಾಮಾನಿನ ಧಣಿ ಒಂದು ರೇಟು ಬರದಿರತಾನ. ಅದಕಿಂತ ಕಡಿಮಿಗೆ ಕೊಡಾಂಗಿಲ್ಲ. ಮಂದಿ ಕೂಗೂದು ನಿಂತ ಮ್ಯಾಲ ಎರಡು ಏಟು ಹೊಡದು ಲಕೋಟಿ ಒಡಿ. ರೇಟು ಮುಟ್ಟಿದ್ರ ಮೂರನೇ ಏಟು. ಇಲ್ಲಂದ್ರ ಸಾಮಾನು ವಾಪಸ್ ಪೆಟಗಿಗೆ. ಮೂರನೇ ಏಟು ಬಿತ್ತಂದ್ರ ತಿರುಗಿ ಮಾತಿಲ್ಲ. ಮತ್ತ ನೆನಪಿಟ್ಕೋ, ಕೂಗಾಂವ ಯಾರಿಗೂ ಕಣ್ಣಸನ್ನಿ ಮಾಡಬಾರದು. ಮೂರು ತಿಂಗಳು ನೋಡತೇನಿ, ಆಮ್ಯಾಲ ಕಾಯಂ."

ಆ ಕಾಯಂ ಮ್ಯಾಲ ನನ್ನ ಲಗ್ನ ನಿಂತಿತ್ತು. ಹುಡಿಗಿ ಅಪ್ಪ ಧಾರವಾಡ ಕಡೆಯಾವ್ರು, ದಾಂಡೇಲಿ ಪೇಪರ್ ಮಿಲ್ಲಿನ್ಯಾಗ ಮೇಸ್ತ್ರಿ. ಮಾತುಕತಿ ದಿನಾನ ಖಡಾಖಡಿ ಹೇಳಿಬಿಟ್ಟಿದ್ರು: "ನೌಕರಿ ಕಾಯಂ ಆದ್ರ ಅಕ್ಕಿಕಾಳು. ಇಲ್ಲಂದ್ರ ಬ್ಯಾರೆ ಹುಡಿಗಿ ನೋಡ್ಕೋ ತಮ್ಮಾ." ನನಗೋ ಆ ಹುಡಿಗೀನ ಬೇಕಾಗಿತ್ತು.

ಲಕೋಟಿ ಯಾವಾಗ ಕೂಗ್ತು?

ಹಳಿಯಾಳದಾಗ ಒಂದು ದುರ್ಬೀನು ಕೂಗಿಗೆ ಇಟ್ಟಿದ್ದೆ. ಒಬ್ಬ ಗೌಡ್ರು ಹದಿನೆಂಟು ರೂಪಾಯಿ ಅಂದ್ರು. ಮುಂದ ಯಾರೂ ಬಾಯಿ ಬಿಡಲಿಲ್ಲ. ಎರಡು ಏಟು ಹೊಡದು ಲಕೋಟಿ ಒಡದೆ. ಒಳಗ ಇಪ್ಪತ್ತೈದು ಅಂತ ಇತ್ತು.

"ಕೊಡಾಕ ಬರೂದಿಲ್ರಿ ಗೌಡ್ರ," ಅಂದೆ.

"ಯಾಕ ಬರೂದಿಲ್ಲ? ನನಗಿಂತ ಹೆಚ್ಚು ಯಾರು ಅಂದ್ರು?"

"ಯಾರೂ ಅಂದಿಲ್ರಿ. ಲಕೋಟಿಯೊಳಗ ಐತ್ರಿ."

"ಲಕೋಟಿ ಯಾವಾಗ ಕೂಗ್ತು? ನಾ ಮುಂಜಾನಿಯಿಂದ ಇಲ್ಲೇ ಕುಂತೇನಲ್ಲೋ!"

ತಿಳಿಸಿ ಹೇಳಿದೆ. ಗೌಡ್ರಿಗೆ ತಿಳೀಲಿಲ್ಲ. ಮತ್ತ ತಿಳಿಸಿ ಹೇಳಿದೆ. ಈ ಸಲ ನನಗೂ ತಿಳೀದಂಗ ಆತು. ಕಡೀಗೆ ಗೌಡ್ರು ಟೊಪಗಿ ಸರಿ ಮಾಡಿಕೊಂಡು ಎದ್ದು ನಿಂತ್ರು.

"ಹೋಗ್ಲಿ ಬಿಡು. ನನಗ ಕೊಡಾಕ ನಿನಗ ಮನಸಿಲ್ಲ. ಹದಿನೇಳು ಅಂದಾನಲ್ಲಾ ಎರಡನೇ ನಂಬರಿನಾಂವ, ಅವಗ ಕೊಡು. ಅಂವಾ ನಮ್ಮ ಅಳಿಯಾನ ಅದಾನ."

ಎರಡು ಟಾವೆಲ್ಲು

ಮುಂಡಗೋಡ ಸಂತಿಯೊಳಗ ಎತ್ತು ಕೊಳ್ಳೂ ಮಂದಿ ರೇಟು ಬಾಯಿಲೆ ಹೇಳತಿರಲಿಲ್ಲ. ಟಾವೆಲ್ಲಿನ ಕೆಳಗ ಒಬ್ಬರ ಕೈ ಒಬ್ಬರು ಹಿಡದು, ಬೆರಳು ಒತ್ತಿ, ವ್ಯಾಪಾರ ಮುಗಸತಿದ್ರು. ಇಂಥಾ ಮಂದಿ ಮುಂದ ನಾ ಹಳೇ ಬೆಳ್ಳಿ ನಾಣ್ಯದ ಡಬ್ಬಿ ತೋರಿಸಿ ಗಂಟಲು ಹರಕೊಂಡೆ. ಒಬ್ಬರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆಮ್ಯಾಲ ಒಬ್ಬ ಎತ್ತಿನ ದಲಾಲಿ ಸಾವಕಾಶ ಕಟ್ಟಿ ಏರಿ ಬಂದ. ನನ್ನ ಬಲಗೈ ಮ್ಯಾಲ ಟಾವೆಲ್ಲು ಹಾಕಿ ನಾಕು ಬೆರಳು ಒತ್ತಿದ. ನಾಕೋ, ನಲವತ್ತೋ? ನನಗೇನು ಗೊತ್ತು? "ನಲವತ್ತು!" ಅಂತ ಒದರಿದೆ.

"ಏ ಮಾರಾಯಾ, ಒದರತೀಯಲ್ಲೋ! ಮಂದಿಗೆ ಗೊತ್ತಾತಂದ್ರ ವ್ಯಾಪಾರ ಹೆಂಗ ಆಗತೈತಿ?" ಅಂತ ಅಂವಾ ಹಲ್ಲು ಕಡದ.

ಅಷ್ಟರಾಗ ಇನ್ನೊಬ್ಬ ಬಂದು ಎಡಗೈ ಮ್ಯಾಲ ತನ್ನ ಟಾವೆಲ್ಲು ಹಾಕಿದ. ಅಂವಾ ಒತ್ತತಾನ, ಇಂವಾ ಒತ್ತತಾನ. ಸುತ್ತಿಗಿ ಹಿಡೀಬೇಕಂದ್ರ ನನಗ ಕೈಯ ಇಲ್ಲ. ಮಾಲಕರು ಧೋತರ ಎತ್ತಿಕೊಂಡು ಓಡಿಬಂದು ತಾವ ಲಕೋಟಿ ಒಡದ್ರು, ತಾವ ಮೂರೂ ಏಟು ಹೊಡದ್ರು. ಹೊಡದ ಮ್ಯಾಲ ನನ್ನ ಮಾರಿ ನೋಡಿದ್ರು.

"ಯಾರಿಗೆ ಹೋತಲೇ?"

"ನನ್ನ ಬಲಗೈಗೆ ಹೋತ್ರಿ," ಅಂದೆ.

ಮಂದಿ ಮುಂದಿನ ಮಾತು

"ಇನ್ನೊಮ್ಮೆ ಹಿಂಗಾತಂದ್ರ ಮನಿ ಹಾದಿ ಹಿಡಿ," ಅಂತ ಮಾಲಕರು ಹೇಳಿದ್ದರಿಂದ ನಮ್ಮ ಕಾಡಿನ ರಾಮನಗರದಾಗ ಭಾಳ ಹುಷಾರಿಲೆ ಇದ್ದೆ. ಒಬ್ಬ ಕಿರಾಣಿ ಅಂಗಡಿಯವರು ಹಿತ್ತಾಳಿ ಕಂದೀಲಿಗೆ ಹನ್ನೆರಡು ಅಂದ್ರು, ಲಕೋಟಿಯೊಳಗ ಹತ್ತು ಇತ್ತು, ಮೂರನೇ ಏಟು ಚಂದಾಗಿ ಬಿತ್ತು. ಇನ್ನೇನು ಗೆದ್ದೆ ಅಂದ್ಕೊಂಡೆ. ಅವರು ಹತ್ತರ ಬಂದು, ಕಂದೀಲು ತಿರುಗಿಸಿ ಮುರುಗಿಸಿ ನೋಡಿ, ಮೆತ್ತಗ ಕೇಳಿದ್ರು:

"ಹೂಂ. ಈಗ ಖರೇ ರೇಟು ಹೇಳ್ರಿ."

"ಹನ್ನೆರಡುರಿ."

"ಭಾಳ ಆತು. ಏಳಕ್ಕ ಮಾಡ್ರಿ."

"ಅಲ್ರೀ, ಹನ್ನೆರಡು ಅಂದಾವ್ರು ನೀವ!"

"ಅದು ಮಂದಿ ಮುಂದ ಅಂದದ್ದರೀ. ಮಂದಿ ಮುಂದ ನಾ ಹಂಗ ಏನೇನರ ಅಂತಿರತೇನಿ," ಅಂದು ನನ್ನ ಭುಜದ ಮ್ಯಾಲ ಕೈ ಇಟ್ರು. "ಅದನ್ನೆಲ್ಲಾ ನೀವು ಮನಸಿಗೆ ಹಚ್ಕೋಬ್ಯಾಡ್ರಿ."

ಕಪಾಟಿನ ಆಕಡೆ, ಕಪಾಟಿನ ಈಕಡೆ

ಮೂರು ತಿಂಗಳಿನ ಕಡೀ ರವಿವಾರ ದಾಂಡೇಲಿಯೊಳಗ ಬಂತು. ಒಂದು ಖಾಲಿ ಶೆಡ್ಡಿನ್ಯಾಗ ಎಡಕ್ಕ ಗಂಡಸರು, ಬಲಕ್ಕ ಹೆಣ್ಮಕ್ಕಳು, ನಡುವ ಮಾರಾಟಕ್ಕ ಬಂದಿದ್ದ ಆಳೆತ್ತರದ ಕಪಾಟು. ಎಡಕ್ಕ ಮುಂದಿನ ಸಾಲಿನ್ಯಾಗ ಛತ್ರಿ ಊರಿಕೊಂಡು ಕುಂತಾವ್ರು ಯಾರಂತ ನೋಡಿದೆ. ನನ್ನ ಆಗೂ ಮಾವಾರು! ಬಲಕ್ಕ ನೋಡಿದ್ರ ಸೆರಗು ಹೊತ್ತುಕೊಂಡು ಆಗೂ ಅತ್ತಿಯಾರು! ಒಬ್ಬರು ಬಂದದ್ದು ಒಬ್ಬರಿಗೆ ಗೊತ್ತಿಲ್ಲ ಅನ್ನೂದು ಅವರ ಮಾರಿ ಮ್ಯಾಲ ಕಾಣತಿತ್ತು.

ಸಾಹೇಬರ ದೊಡ್ಡ ಗ್ವಾಡಿ ಗಡಿಯಾರ ತಗದೆ. ಮಾವಾರು ಮೇಸ್ತ್ರಿ ಗತ್ತಿನ ಮನಷ್ಯಾ, ಒದರಲಿಲ್ಲ, ಛತ್ರಿ ಎತ್ತಿದ್ರು. ಅತ್ತಿಯಾರು ಗಂಡಸರ ಎದುರು ಬಾಯಿ ಬಿಡಾವ್ರಲ್ಲ, ಬಳಿ ಕೈ ಎತ್ತಿದ್ರು.

"ಛತ್ರಿಯವರು ಹನ್ನೆರಡು! ಕಪಾಟಿನ ಆಕಡೆ ಬಾಯಾರು ಹದಿನೈದು!"

ಇಪ್ಪತ್ತಕ್ಕ ಉಳಿದಾವ್ರೆಲ್ಲಾ ಸುಮ್ಮನಾದ್ರು. ಇನ್ನ ಉಳದಾವ್ರು ಗಂಡಾ ಹೆಂಡತಿ ಇಬ್ಬರ. ಸನ್ನಿ ಮಾಡೂಣು ಅಂದ್ರ ಹಿಂದ ಮಾಲಕರು ಕುಂತಾರ, ನೌಕರಿ ಹೋಗತೈತಿ. ನೌಕರಿ ಹೋತಂದ್ರ ಲಗ್ನ ಹೋತು. ಸುಮ್ಮನ ಇರೂಣು ಅಂದ್ರ ಅವರ ಮನಿ ರೊಕ್ಕ ಹೋಗತೈತಿ, ಆಮ್ಯಾಲ ಗೊತ್ತಾತಂದ್ರ ಹಂಗೂ ಲಗ್ನ ಹೋತು. ಯಾವ ಕಡೆಯಿಂದ ಹೋದ್ರ ಹುಡಿಗಿ ಸಿಗತಾಳ ಅನ್ನೂದ ತಿಳೀವಲ್ದು. ಬಾಯಿ ಮಾತ್ರ ತನ್ನ ಪಾಡಿಗೆ ತಾ ಕೂಗತಿತ್ತು.

ಬಾಯಾರದು ನಲವತ್ತಾರು ಆದಾಗ ಛತ್ರಿ ಕೆಳಗ ಇಳೀತು. ಎರಡು ಏಟು ಹೊಡದೆ. ಲಕೋಟಿಯೊಳಗ ನಲವತ್ತೈದು ಇತ್ತು. ಕಣ್ಣು ಮುಚ್ಚಿ ಮೂರನೇದೂ ಹೊಡದೆ.

ಮಾವಾರು ಧಡಕ್ಕನ ಎದ್ರು. "ಎಂಥಾ ಹೆಣಮಗಳ್ರೀ ಈಕಿ! ಈಕಿ ಗಂಡ ಯಾಂವ ಅದಾನೋ, ಹೆಂಡ್ತಿಗೆ ಒಂದು ಮಾತು ಹೇಳೂ ತಾಕತ್ತಿಲ್ಲ ಅವಗ!"

ಕಪಾಟಿನ ಮರಿಯಿಂದ ಅತ್ತಿಯಾರು ಹೊರಗ ಬಂದ್ರು. "ಇಲ್ಲರೀ," ಅಂದ್ರು. "ಇಪ್ಪತ್ತು ವರ್ಷದಿಂದ ನೋಡಾಕತ್ತೇನಿ, ಇಲ್ಲ."

ಶೆಡ್ಡಿನ್ಯಾಗ ಮಂದಿ ಬಿದ್ದು ಬಿದ್ದು ನಕ್ಕರು. ಮಾವಾರು ನನ್ನ ಕಡೆ ಬಂದ್ರು.

"ತಮ್ಮಾ, ನಾ ಬಂದ ಇಲ್ಲ ಅಂತ ತಿಳ್ಕೊ. ನನ್ನ ಕೂಗು ತಗದು ಈಕಿಗೆ ಇಪ್ಪತ್ತೊಂದಕ್ಕ ಕೊಡು."

"ತಗದ್ರ ಲಕೋಟಿ ರೇಟು ಮುಟ್ಟೂದಿಲ್ರಿ ಮಾವಾರ. ಮುಟ್ಟಲಿಲ್ಲಂದ್ರ ಯಾರಿಗೂ ಇಲ್ರಿ. ಮ್ಯಾಲ ಮೂರನೇ ಏಟೂ ಬಿದ್ದೈತ್ರಿ."

"ಅಂದ್ರ ನಾವಿಬ್ಬರೂ ಜಿದ್ದಿಗೆ ಬಿದ್ದಿದ್ದಕ್ಕ ಇದು ಸಿಕ್ತೋ, ತುಟ್ಟಿ ಆತೋ?"

"ಎರಡೂರಿ."

ಹಿಂದಿನಿಂದ ಮಾಲಕರು ನನ್ನ ಬೆನ್ನು ಚಪ್ಪರಿಸಿದ್ರು. "ಸ್ವಂತ ಮಾವಗೂ ಕಣ್ಣಸನ್ನಿ ಮಾಡಲಿಲ್ಲ ಹುಡುಗ! ಇವತ್ತಿಂದ ಕಾಯಂ!"

ನನಗ ಹಿಗ್ಗು ತಡೀಲಿಲ್ಲ. "ಅಲ್ರೀ ಅತ್ತಿಯಾರ, ಮನ್ಯಾಗ ಹೇಳದ ಬಂದು ಇಷ್ಟು ಹಟಾ ಹಿಡದು ತಗೊಂಡ್ರಿ. ಏನಿತ್ರಿ ಆ ಗಡಿಯಾರದಾಗ?"

"ನಿಮ್ಮ ನೌಕರಿ ಕಾಯಂ ಆತಂದ್ರ ಲಗ್ನದಾಗ ನಿಮಗ ಕೊಡೂಣು ಅಂತ ಮಾಡಿದ್ದೆ."

"ನಾನೂ ಅದಕ್ಕ ಬಂದಿದ್ದೆ," ಅಂದ್ರು ಮಾವಾರು, ಸಣ್ಣ ದನಿಲೆ.

ನನ್ನ ಕಣ್ಣಾಗ ನೀರು ಬಂದ್ವು. ಅಷ್ಟರಾಗ ಮಾವಾರಿಗೆ ಏನೋ ಹೊಳೀತು. ಹೆಂಡತಿ ಕಡೆ ತಿರುಗಿದ್ರು.

"ಅಲ್ಲಾ, ನಲವತ್ತಾರು ರೂಪಾಯಿ ನಿನಗ ಎಲ್ಲಿಂದ ಬಂತು?"

"ಎಲ್ಲಿಂದ ಬರತೈತಿ?" ಅಂದ್ರು ಅತ್ತಿಯಾರು. "ಅಳಿಯಾರ ಲಗ್ನದ ಸೂಟು ಹೊಲಿಸಾಕ ಅಂತ ನೀವ ಕೊಟ್ಟಿದ್ರಲ್ಲಾ, ಅದ."