ಕೌದಿ ಗೂಡಲ್ಲಿ ಹಳೇ ಮಡಕೆ

“ಎರಡು ಸಾವಿರ ವರ್ಷ ಮಣ್ಣಲ್ಲಿ ಮಲಗಿದ್ದು ಸಾಲದೆ, ಈಗ ನನ್ನ ಕೌದಿ ಗೂಡಲ್ಲೂ ಇವೇ ಮಲಗಬೇಕೇನ್ರೀ?”

ಖಾಲ್‌ಬೀಬಿಯ ಸಿಟ್ಟಿಗೆ ಕಾರಣವಿತ್ತು. ಮಗಳು ಮೊಹಿರಾಳನ್ನು ನೋಡಲು ಮರುದಿನ ಗಂಡಿನ ಕಡೆಯ ಹೆಂಗಸರು ಬರುವವರಿದ್ದರು. ತೆರ್ಮೆಜ್ ಸೀಮೆಯಲ್ಲಿ ಬಂದವರ ಕಣ್ಣು ಹುಡುಗಿಗಿಂತ ಮೊದಲು ಬೀಳುವುದು ಗೋಡೆಗೂಡಿನಲ್ಲಿ ಪೇರಿಸಿಟ್ಟ ಕೌದಿಗಳ ಮೇಲೆ. ಈ ಮನೆಯ ಗೂಡಿನಲ್ಲಿ ಮೂತಿ ಮುರಿದ ಹದಿನೇಳು ಮಡಕೆಗಳು ಕೂತಿದ್ದವು. ಕೌದಿಗಳು ಕುರಿ ಕೊಟ್ಟಿಗೆಯಲ್ಲಿದ್ದವು.

“ತಿಳಿದವರಾದರೆ ಮಡಕೆ ನೋಡಿಯೇ ಒಪ್ತಾರೆ,” ಎಂದ ಗಂಡ ಎಶ್‌ಮುರಾದ್.

“ಗಂಡು ಹುಡುಕ್ತಿರೋದು ಮಗಳಿಗೆ, ಮಡಕೆಗಲ್ಲ.”

“ಒಂದನ್ನ ಅಲುಗಿಸಿದರೂ ನಾನು ಊಟ ಬಿಡ್ತೀನಿ.”

“ಬಿಡಿ. ನಾಳೆ ಪಲಾವಿಗೆ ಅಕ್ಕಿ ಉಳಿಯುತ್ತೆ.”

ಅಷ್ಟರಲ್ಲಿ ಮ್ಯೂಸಿಯಮ್ಮಿನ ನಾರ್ಮತ್ ಬಂದ. ಅವನಿಗೆ ಖಾಲ್‌ಬೀಬಿ ಬೆಳಿಗ್ಗೆಯೇ ಹೇಳಬೇಕಾದ್ದನ್ನೆಲ್ಲ ಹೇಳಿ ಬಂದಿದ್ದಳು. ನೆಲದಲ್ಲಿ ಸಿಕ್ಕ ಹಳೆಯದೆಲ್ಲ ಸರಕಾರದ್ದು. ಹಾಗಾಗಿ ಅವನು ಕೇಳಿದಾಗಲೆಲ್ಲ ಎಶ್‌ಮುರಾದ್, ಇವು ಹೋದ ವರ್ಷ ಸಂತೆಯಲ್ಲಿ ಕೊಂಡವು ಎಂದು ಆಣೆ ಹಾಕುತ್ತಿದ್ದ. ಈ ಸಲವೂ ಹಾಕಿದ.

ನಾರ್ಮತ್ ಒಂದು ಹೂಜಿಯನ್ನು ತಿರುವಿ ನೋಡಿ ಕೆಳಗಿಟ್ಟ. “ನೀವು ಹೇಳಿದ್ದೇ ನಿಜ ಮಾವ. ಹೊಸವೇ. ಮಾಡಿದವನಿಗೆ ಕೈ ಕೂಡ ಪಳಗಿಲ್ಲ.”

ಎಶ್‌ಮುರಾದ್ ಬದುಕಿದೆ ಎಂದುಕೊಳ್ಳಬೇಕಿತ್ತು. ಬದಲಿಗೆ ಅವನ ಮೀಸೆ ಅದುರಿತು.

“ಸರಿಯಾಗಿ ನೋಡಯ್ಯಾ.”

“ನೋಡಿದೆ ಮಾವ. ಉಪ್ಪಿನಕಾಯಿ ಹಾಕೋಕೂ ಲಾಯಕ್ಕಿಲ್ಲ.”

“ಹೋಗಲಿ ಬಿಡಿ, ಮೊಹಿರಾಳ ಅಪ್ಪಾ,” ಖಾಲ್‌ಬೀಬಿ ಚಹಾ ಬಗ್ಗಿಸುತ್ತ ಮೆಲ್ಲಗೆ ಅಂದಳು. “ಹೋದ ವರ್ಷದವೇ ಅಲ್ವಾ? ನಿಮಗೆ ಯಾರೋ ಟೋಪಿ ಹಾಕಿದಾರೆ.”

“ನನಗೆ ಟೋಪಿಯೇ? ಲೇ, ಹಳೇ ಕೋಟೆ ದಿಬ್ಬದಲ್ಲಿ ಆಳುದ್ದ ಅಗೆದು ನಾನೇ ತೆಗೆದಿದ್ದು ಕಣೇ.”

ನಾರ್ಮತ್ ನಂಬಲಾರೆನೆಂದ. ಬಾಯಿಮಾತು ಯಾರು ಬೇಕಾದರೂ ಆಡುತ್ತಾರೆಂದು ಜೇಬಿನಿಂದ ಕಾಗದ, ಪೆನ್ನು ತೆಗೆದ. ಎಶ್‌ಮುರಾದ್ ಅವನ ಕೈಯಿಂದ ಕಾಗದ ಕಿತ್ತುಕೊಂಡು, ಯಾವ ಮಡಕೆ ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ ಎಂದು ಒಂದೊಂದಾಗಿ ಬರೆದು, ಹದಿನೇಳಕ್ಕೂ ರುಜು ಹಾಕಿಕೊಟ್ಟ.

“ಈಗ ನಂಬಿದೆಯಾ?”

“ನಂಬಿದೆ ಮಾವ,” ಎಂದು ನಾರ್ಮತ್ ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲಲ್ಲಿ ನಿಲ್ಲಿಸಿದ್ದ ಗಾಡಿಯಿಂದ ಹುಲ್ಲು ತುಂಬಿದ ಪೆಟ್ಟಿಗೆಗಳನ್ನು ಇಳಿಸಿದ.

ಮಡಕೆ ತುಂಬಿಕೊಂಡು ಗಾಡಿ ಹೋದ ಮೇಲೆ ಎಶ್‌ಮುರಾದ್ ಬರಿದಾದ ಗೂಡಿನ ಮುಂದೆ ಕೂತಿದ್ದ. ಖಾಲ್‌ಬೀಬಿ ಕೌದಿಗಳನ್ನು ಕೊಡವಿ ಪೇರಿಸುತ್ತಿದ್ದಳು.

“ನೀನು ಹೋದ ವರ್ಷದವು ಅಂದಾಗಲೇ ನಾನು ಹೂಂ ಅನ್ನಬೇಕಿತ್ತು ಕಣೇ.”

“ಮೂವತ್ತು ವರ್ಷದಲ್ಲಿ ನನ್ನ ಮಾತಿಗೆ ನೀವು ಒಂದು ಸಲವೂ ಹೂಂ ಅಂದಿಲ್ಲ,” ಎಂದಳು ಖಾಲ್‌ಬೀಬಿ. “ಆ ಧೈರ್ಯದ ಮೇಲೇ ಅಂದಿದ್ದು.”