ಗೋಡೆಯ ಮೇಲಿನ ಇಂಗ್ಲಿಷ್ ತಾಯಿ

ವಯಸ್ಸಾದವರ ಪಶ್ಚಾತ್ತಾಪವನ್ನು ಯಾರೂ ಪೂರ್ತಿ ನಂಬಬಾರದು. ತಪ್ಪು ಮಾಡುವ ಶಕ್ತಿ ಉಡುಗಿದ ಮೇಲೆ ಮನುಷ್ಯ ತಾನಾಗಿಯೇ ಸಜ್ಜನನಾಗುತ್ತಾನೆ. ಅದರಲ್ಲಿ ಅವನ ಹೆಚ್ಚುಗಾರಿಕೆಯೇನೂ ಇಲ್ಲ. ನಾನಾದರೋ ಎಪ್ಪತ್ತು ದಾಟಿದ ಮೇಲೂ ಹೊಸದಾಗಿ ಒಂದು ತಪ್ಪು ಮಾಡಿ ಕೂತಿದ್ದೇನೆ. ಅದೂ ಒಬ್ಬ ಸಿನಿಮಾ ನಟಿಯ ದೆಸೆಯಿಂದ.

ಆಕೆ ಇಂಗ್ಲೆಂಡಿನವಳು, ಕಪ್ಪು ಬಿಳುಪಿನ ಕಾಲದವಳು. ನಮ್ಮ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ನಾನೂ ಆಕೆಯ ಹೆಸರು ಹೇಳುವುದಿಲ್ಲ. ಮೆಟ್ರಿಕ್ ಮುಗಿಸಿ ಧಾರವಾಡದಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ, ರವಿವಾರ ಬೆಳಗ್ಗೆ ಕ್ಯಾಂಪ್ ಭಾಗದ ಟಾಕೀಜಿನಲ್ಲಿ ಹಳೆಯ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಆಕೆಯನ್ನು ಮೊದಲು ಕಂಡದ್ದು ಅಲ್ಲಿ. ಈಗ ಮೊಬೈಲಿನಲ್ಲಿ ನೋಡುತ್ತೇನೆ. ಅವರ ಇಂಗ್ಲಿಷು ನನಗೆ ನಾಲ್ಕಾಣೆಯಷ್ಟೂ ತಿಳಿಯುವುದಿಲ್ಲ. ಅದೇ ಲಾಭವಾಯಿತು. ಮಾತು ತಿಳಿಯದವನು ಮುಖ ನೋಡುತ್ತಾನೆ. ಈಕೆಯನ್ನಂತೂ ತಾನು ಮಾತಾಡುವಾಗಲ್ಲ, ಎದುರಿನವನು ಮಾತಾಡುವಾಗ ನೋಡಬೇಕು. ಒಂದು ಚಿತ್ರದಲ್ಲಿ ಗಂಡ ಉದ್ದಕ್ಕೆ ಏನೋ ಸಮಜಾಯಿಷಿ ಕೊಡುತ್ತಿರುತ್ತಾನೆ. ಈಕೆ ಸುಮ್ಮನೆ ಒಂದೊಂದೇ ಬೆರಳು ಬಿಡಿಸುತ್ತ ಕೈಗವಸು ಕಳಚುತ್ತಾಳೆ. ಕೊನೆಯ ಬೆರಳಿಗೆ ಬರುವಷ್ಟರಲ್ಲಿ ಅವನ ಸುಳ್ಳಿನ ಸರಕೆಲ್ಲ ಮುಗಿದಿರುತ್ತದೆ. ಒಂದು ಕೂಗಿಲ್ಲ, ಒಂದು ಹನಿ ಕಣ್ಣೀರಿಲ್ಲ. ನಮ್ಮ ಮನೆಯಲ್ಲಾದರೆ ಇಷ್ಟು ಕೆಲಸಕ್ಕೆ ಎರಡು ಮೂರು ಪಾತ್ರೆ ನೆಗ್ಗುತ್ತವೆ.

ಹೋದ ವರ್ಷ ಆಕೆಯ ಫೋಟೊ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದೆ. ತಲೆಯ ಮೇಲೆ ಬಿಳಿ ವಸ್ತ್ರ, ಕಣ್ಣು ತುಸು ಮೇಲಕ್ಕೆ. ಆ ಕಾಲದ ಸ್ಟುಡಿಯೋದವರು ನಟಿಯರ ಬೆನ್ನ ಹಿಂದೆ ಒಂದು ದೀಪ ಇಡುತ್ತಿದ್ದರು; ತಲೆಯ ಸುತ್ತ ಬೆಳಕಿನ ಅಂಚು ಕಟ್ಟುತ್ತಿತ್ತು. ಹೆಂಡತಿ ನೋಡಿ, "ಇಕಿನ್ನ ಎಷ್ಟ ದಿನಾ ಇಟ್ಕೋತೀರಿ?" ಎಂದಷ್ಟೇ ಕೇಳಿದಳು, ಬಾಡಿಗೆಯವಳ ಬಗ್ಗೆ ಕೇಳಿದಂತೆ.

ಆಮೇಲೆ ಬಂದಳು ಶಾಂತಾ, ನನ್ನ ಹೆಂಡತಿಯ ತಂಗಿ. ಮಗಳಿಗೆ ವರ ಕೂಡಿಬರುತ್ತಿಲ್ಲವೆಂದು ಧಾರವಾಡದಿಂದ ಜೇಜುರಿಯ ಖಂಡೋಬನಿಗೆ ಹೋದವಳು, ದರ್ಶನ ಮುಗಿಸಿ ಪುಣೆಯ ನಮ್ಮ ಮನೆಯಲ್ಲಿ ಇಳಿದಳು. ಒಳಗೆ ಕಾಲಿಟ್ಟವಳೇ ಫೋಟೊದ ಎದುರು ನಿಂತುಬಿಟ್ಟಳು.

"ಮಾಮಾರ, ಈ ತಾಯಿ ಯಾರ್ರಿ? ತಲಿ ಸುತ್ತ ಏನ್ ತೇಜ ಅದ!"

ಸಿನಿಮಾದವಳು ಎನ್ನಲು ಬಾಯಿ ಬರಲಿಲ್ಲ. "ಇಂಗ್ಲೆಂಡಿನಾಕಿ. ಭಾಳ ದೊಡ್ಡಾಕಿ," ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಶಾಂತಾ ಚೀಲದಿಂದ ಖಂಡೋಬನ ಭಂಡಾರ ತೆಗೆದು, ಆ ಅರಿಶಿನವನ್ನು ಗಾಜಿಗೆ ಹಚ್ಚಿ, ಸೆರಗೊಡ್ಡಿ ಮಗಳ ಮದುವೆಗೆ ಹರಕೆ ಹೊತ್ತಾಗ ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಕೊನೆಗೂ ಆಕೆಗೆ ನಮ್ಮ ಮನೆಯಲ್ಲಿ ಒಬ್ಬ ಒಳ್ಳೆಯ ಪ್ರೇಕ್ಷಕಿ ಸಿಕ್ಕಳಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ದೀಪಾವಳಿಯ ಹೊತ್ತಿಗೆ ಹುಡುಗಿಯ ಮದುವೆ ಗಟ್ಟಿಯಾಯಿತು. ಶಾಂತಾ ಸೀರೆ, ಕುಬಸ, ಕೊಬ್ಬರಿ ಬಟ್ಟಲು ಹೊತ್ತುಕೊಂಡು ತಾಯಿಗೆ ಉಡಿ ತುಂಬಲು ಬಂದಳು. ತುಂಬಿದ ಮೇಲೆ, "ಇಕಿನ್ನ ನಾ ಒಯ್ತೀನ್ರಿ. ದೇವರ ಮನ್ಯಾಗ ಇಡ್ತೀನಿ," ಎಂದಳು.

ಖಂಡೋಬನಿಗೆ ಸಲ್ಲಬೇಕಾದ ಹರಕೆ ಸಿನಿಮಾದವಳಿಗೆ ಸಲ್ಲುವುದು ಪಾಪ. ಅದಕ್ಕಿಂತ ಮುಖ್ಯವಾಗಿ, ಫೋಟೊ ಹೋಗುತ್ತದೆ. ಎರಡೂ ಸೇರಿ ನನ್ನೊಳಗಿನ ಸತ್ಯವಂತನನ್ನು ಎಬ್ಬಿಸಿದವು.

"ತಪ್ಪಾತ್ವಾ ಶಾಂತಾ. ಆಕಿ ತಾಯಿ ಅಲ್ಲ, ಸಿನಿಮಾದಾಕಿ."

ಶಾಂತಾ ನಕ್ಕುಬಿಟ್ಟಳು. "ಫೋಟೊ ಕೊಡಲಿಕ್ಕೆ ಮನಸ್ಸಿಲ್ಲ ಅಂತ ಹೇಳ್ರಿ! ಅದಕ್ಕ ದೇವರಂಥಾಕಿನ್ನ ಸಿನಿಮಾದಾಕಿ ಮಾಡ್ತೀರಿ? ಗಲ್ಲಾ ಬಡ್ಕೋರಿ ಮಾಮಾರ!"

"ನಿಮ್ಮ ಅಕ್ಕನ್ನ ಕೇಳು ಬೇಕಾದ್ರ!"

ಎಲ್ಲ ಬಲ್ಲ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. "ನನಗೇನ ಗೊತ್ತವಾ? ನಾ ಇಂಗ್ಲಿಷ್ ಸಿನಿಮಾ ನೋಡಾಕ್ಯಲ್ಲ," ಎಂದವಳು, ತಾನೇ ಎದ್ದು ಫೋಟೊ ಇಳಿಸಿ, ಹಳೆಯ ಚಾದರದಲ್ಲಿ ಭದ್ರವಾಗಿ ಸುತ್ತಿ ತಂಗಿಯ ಕೈಗಿತ್ತಳು. ಅವಳ ಮುಖ ಅಷ್ಟು ಪ್ರಸನ್ನವಾಗಿದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಇನ್ನು ಮೇಲೆ ಯಾರಿಗೂ ಸುಳ್ಳು ಹೇಳಕೂಡದೆಂದು ಆವತ್ತೇ ನಿಶ್ಚಯಿಸಿದೆ. ಮೊನ್ನೆ ಶಾಂತಾಳ ಫೋನ್ ಬಂತು. ಓಣಿಯ ಹೆಂಗಸರೆಲ್ಲ ತಾಯಿಯ ದರ್ಶನಕ್ಕೆ ಬರತೊಡಗಿದ್ದಾರಂತೆ.

"ಮಾಮಾರ, ಆಕಿಗೆ ನೈವೇದ್ಯ ಏನ್ ನಡೀತದ್ರಿ? ಹೋಳಿಗಿ ಮಾಡ್ಲೇನು?"

ಪಶ್ಚಾತ್ತಾಪಪಟ್ಟ ಮನುಷ್ಯ ನಾನು. ಆದರೆ ಅಷ್ಟು ತೆಳ್ಳನೆಯ ಹೆಂಗಸಿಗೆ ದಿನಾ ಹೋಳಿಗೆ ಎಂದರೆ ಜೀವ ತಡೆಯಲಿಲ್ಲ.

"ಹೋಳಿಗಿ ಬ್ಯಾಡವಾ," ಎಂದೆ. "ಸಂಜೀಮುಂದ ಒಂದ ಕಪ್ ಚಹಾ ಇಡು. ಸಕ್ಕರಿ ಕಮ್ಮಿ."