ಎಳ್ಳಮಾವಾಸ್ಯೆಯ ಟರ್ಬೊ ಸವಾರಿ

ಟರ್ಬೊ ಇಂಜಿನ್ನಿನ ಆರೈಕೆಯಲ್ಲಿ ಇಡೀ ಬಸವಕಲ್ಯಾಣದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕಳೆದ ಎಳ್ಳಮಾವಾಸ್ಯೆಯ ಬೆಳಗಿನ ಒಂಬತ್ತು ಗಂಟೆಯವರೆಗೆ ನಾನು ದೃಢವಾಗಿ ನಂಬಿದ್ದೆ. ಒಂಬತ್ತೂವರೆಗೆ ನಂಬಿಕೆ ಹೋಯಿತು. ಹತ್ತಕ್ಕೆ ಮಾನವೂ ಹೋಯಿತು!

ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ. ಪಾತ್ರೆ ಮಾರುವವನಿಗೆ ಟ್ರಕ್ ಯಾಕೆ ಎಂದು ಕೇಳಬೇಡಿ. ಲಾರಿಗಳ ಊರಿನಲ್ಲಿ ಹುಟ್ಟಿ, ಸ್ವಂತದ್ದೊಂದು ಸ್ಟಿಯರಿಂಗ್ ಇಲ್ಲದಿದ್ದರೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ? ಅದಕ್ಕೇ ಟರ್ಬೊ ಇಂಜಿನ್ನಿನ ಒಂದು ಹಳೆಯ ಮಿನಿ ಟ್ರಕ್ ಕೊಂಡೆ. ದಸರೆಗೆ ಪೂಜೆ, ಎಳ್ಳಮಾವಾಸ್ಯೆಗೆ ಹೊಲ. ವರ್ಷಕ್ಕೆ ಎರಡೇ ಸಲ ಅದು ಅಂಗಳ ಬಿಟ್ಟು ಹೊರಡುತ್ತಿತ್ತು. ಉಳಿದ ದಿನ ಗಾಡಿ ಕೆಡಬಾರದಲ್ಲ? ದಿನಾ ಬೆಳಿಗ್ಗೆ ಸ್ನಾನ ಮಾಡಿ, ಊದುಬತ್ತಿ ಬೆಳಗಿ, ನಿಂತಲ್ಲೇ ಚಾಲು ಮಾಡುತ್ತಿದ್ದೆ. ಮೂರು ಸಲ ಜೋರಾಗಿ ರೇಸ್ ಮಾಡಿ, ಆ ಆರ್ಭಟದಲ್ಲೇ ಚಾವಿ ತಿರುಗಿಸಿ ಬಂದ್ ಮಾಡುತ್ತಿದ್ದೆ. ಹಳೇ ಡ್ರೈವರುಗಳೆಲ್ಲ ಹೀಗೇ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ.

"ದಿನಾ ನಿಂತಲ್ಲೇ ಒದರಸ್ತೀರಿ. ಓಡಸೋದು ಯಾವಾಗ್ರಿ?" ಎಂದು ನನ್ನ ಹೆಂಡತಿ ಸುವರ್ಣಾ ಕೇಳುತ್ತಿದ್ದಳು.

"ಇದು ಟರ್ಬೊ. ನಿನಗ ತಿಳಿಯಂಗಿಲ್ಲ."

ಅವಳು ಮದುವೆಗೆ ಮೊದಲು ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದವಳು. ಟ್ರ್ಯಾಕ್ಟರಿಗೂ ಟರ್ಬೊಗೂ ಏನು ಸಂಬಂಧ!

ಆ ತವರು ಹುಮನಾಬಾದಿನ ಆಚೆಯ ದುಬಲಗುಂಡಿ. ಎಳ್ಳಮಾವಾಸ್ಯೆಯ ದಿನ ಅಡಿಗೆಯನ್ನು ಹೊಲಕ್ಕೊಯ್ದು, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲುವ ತನಕ ನಮ್ಮ ಮಾವ ಒಂದು ತುತ್ತೂ ಮುಟ್ಟುವುದಿಲ್ಲ. ಹಸಿವು ತಡೆಯುವ ಗುಣವೂ ಅವರಿಗಿಲ್ಲ. ಇದೆಲ್ಲ ಗೊತ್ತಿದ್ದೂ ಫೋನಿನಲ್ಲಿ ಘೋಷಿಸಿಬಿಟ್ಟಿದ್ದೆ: "ನೀವೇನೂ ಮಾಡಬ್ಯಾಡ್ರಿ ಮಾವನೋರೆ. ಹನ್ನೊಂದಕ್ಕ ಅಡಿಗಿ ನಿಮ್ಮ ಹೊಲದಾಗ ಇಳಸ್ತೀನಿ!"

ಹಾಗಾಗಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಕೊಡ, ಜೊತೆಗೆ ಓಣಿಯ ಹದಿನಾರು ಜನ, ಎಲ್ಲವೂ ನನ್ನ ಟ್ರಕ್ಕಿನಲ್ಲಿ. ಊರು ದಾಟಿ ಮೊದಲ ಏರು ಬಂತು. ಗಾಡಿ ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ಆಮೇಲೆ ನಡೆಯತೊಡಗಿತು. ಹೌದು, ನಡೆಯತೊಡಗಿತು! ಹೊಲಕ್ಕೆ ಹೊರಟ ಎತ್ತಿನ ಬಂಡಿಯೊಂದು ಗೆಜ್ಜೆ ಕುಣಿಸುತ್ತ ನಮ್ಮನ್ನು ಹಿಂದೆ ಹಾಕಿತು. "ಹಗ್ಗ ಕೊಡ್ಲೇನ್ರಿ ಸಾವ್ಕಾರ್ರೆ?" ಎಂದು ಬಂಡಿಯವನು ಬಹಳ ಮರ್ಯಾದೆಯಿಂದ ಕೇಳಿದ.

ಪಾಪ, ಗಾಡಿಗೆ ಭಾರವಾಗಿರಬೇಕು ಎಂದು ತೀರ್ಮಾನಿಸಿ ಸುವರ್ಣಾ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಇಳಿಸಿದೆ. ಅವರು ನಡೆದರು. ನಾನು ಓಡಿಸಿದೆ. ಅವರೇ ಮುಂದೆ ಹೋದರು! ಎದುರುಮನೆಯ ಕಾಶಮ್ಮ ಆಯಿ ಕೋಲೂರಿಕೊಂಡು ನನ್ನ ಕಿಟಕಿಯ ಪಕ್ಕ ಬಂದು, "ಬರ್ತೀನಪ್ಪಾ, ನೀ ಸಾವಕಾಶ ಬಾ," ಎಂದು ಹೇಳಿ ದಾಟಿ ಹೋದಳು.

ನಿಲ್ಲಿಸಿ ಗಾಳಿಯ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಳಗೆ ಇಲಿಯ ಸಂಸಾರ! ಶೇಂಗಾ ಸಿಪ್ಪೆಯ ಹಾಸಿಗೆ, ಅದರ ಮೇಲೆ ಮೆತ್ತನೆಯ ಕೆಂಪು ಹೊದಿಕೆ.

"ನನ್ನ ಶಾಲು!" ಸುವರ್ಣಾ ಕಿರುಚಿದಳು. ಆ ಶಾಲನ್ನು ಅವಳೇ ಎಲ್ಲೋ ಬಿಟ್ಟು ಬಂದಿದ್ದಾಳೆಂದು ನಾನು ಮೂರು ತಿಂಗಳು ಉಪದೇಶ ಮಾಡಿದ್ದೆ. ಉಪದೇಶವನ್ನೆಲ್ಲ ಅಲ್ಲೇ ನಿಂತು ವಾಪಸ್ ಪಡೆದೆ.

ಇಲಿಗಳು ಖಾಲಿ ಮಾಡಿದವು. ಆದರೂ ಗಾಡಿಗೆ ವೇಗ ಬರಲಿಲ್ಲ. ಕೊನೆಗೆ ನಮ್ಮೂರಿನಲ್ಲಿ ಗಾಡಿ ರಿಪೇರಿ ಮಾಡುವ ಖಾಜಾ ಮಿಸ್ತ್ರಿಗೆ ಫೋನ್ ಮಾಡಿ, ನನ್ನ ದಿನನಿತ್ಯದ ಸೇವೆಯನ್ನೆಲ್ಲ ಹೆಮ್ಮೆಯಿಂದ ವರ್ಣಿಸಿದೆ.

"ಯಾ ಅಲ್ಲಾ!" ಎಂದ ಮಿಸ್ತ್ರಿ. "ನಿಂತಲ್ಲೇ ಚಾಲು ಮಾಡಿ ಬಂದ್ ಮಾಡಿದ್ರ ಇಂಜಿನ್ ಕಾಯಂಗಿಲ್ರಿ. ಮಸಿ ಕಟ್ಟಿ ಟರ್ಬೊ ಜಾಮ್ ಆಗ್ಯದ. ರೇಸ್ ಮಾಡಿ ಬಂದ್ ಮಾಡಿದ್ರ ಅದಕ್ಕ ಎಣ್ಣಿ ಸೈತ ಸಿಗಂಗಿಲ್ಲ. ನಸೀಬ್ ಚಲೋ ಅದ, ಇನ್ನಾ ಸತ್ತಿಲ್ಲ."

"ಈಗ ಏನ್ ಮಾಡ್ಲಿ?"

"ಆಯಿಲ್ ಬರಾಬರ್ ಇದ್ರ ಲೋಡ್ ಹಾಕ್ರಿ. ಮೂರನೇ ಗೇರಿನಾಗ ಒತ್ತಿ ಹೊಡೀರಿ. ಲೋಡ್ ಇಲ್ದ ಮಸಿ ಬಿಡಂಗಿಲ್ಲ."

"ಲೋಡ್ ಇಳಿಸಿಬಿಟ್ಟೀನಲ್ಲೋ!"

"ಹತ್ತಸ್ರಿ!"

ಲೋಡು ಆಗಲೇ ಒಂದು ಫರ್ಲಾಂಗು ಮುಂದಿತ್ತು. ಕುಂಟುವ ಗಾಡಿಯಲ್ಲಿ ಬೆನ್ನಟ್ಟಿ ಕೈ ಮುಗಿದೆ. "ಈಗ ಇಳೀರಿ ಅಂದ್ಯಲ್ಲಪ್ಪಾ?" ಎಂದಳು ಕಾಶಮ್ಮ ಆಯಿ. ಸಾಲದೆಂದು, ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರನ್ನೂ ಅವರ ಗಂಟುಮೂಟೆ ಸಮೇತ ಕಾಡಿ ಬೇಡಿ ಹತ್ತಿಸಿದೆ. ಆಮೇಲೆ ಹೊಗೆಯ ಬಣ್ಣ ಪರೀಕ್ಷಿಸಲು ಸೈಲೆನ್ಸರಿನ ಹತ್ತಿರ ಬಗ್ಗಿ, "ಒತ್ತು!" ಎಂದೆ. ಸುವರ್ಣಾ ಒತ್ತಿದಳು. ಬಣ್ಣ ಕಪ್ಪು. ಹೊಗೆಯದೂ, ನನ್ನದೂ!

ಮುಖ ಒರೆಸಲೂ ಪುರುಸೊತ್ತಿಲ್ಲದೆ ನಾನು ಸ್ಟಿಯರಿಂಗ್ ಹಿಡಿದೆ.

"ಒತ್ರಿ!"

"ತಡಿ, ಅದಕ್ಕ ತ್ರಾಸಾಗ್ತದ."

"ಅಲ್ಲಿ ನಮ್ಮಪ್ಪ ಉಪವಾಸ ಕುಂತಾನ! ಸರೀರಿ ಆ ಕಡಿ!"

ಸರಿದೆ. ಅವಳು ಸೆರಗು ಸಿಕ್ಕಿಸಿ, ಮೂರನೇ ಗೇರಿಗೆ ಹಾಕಿ, ಹೊಲ ಉಳುವ ಧೈರ್ಯದಲ್ಲಿ ಒತ್ತಿದಳು. ಗಾಡಿ ನಡುಗಿತು. ಹಿಂದಿನ ರಸ್ತೆ ಕಾಣದಂತೆ ಒಮ್ಮೆ ಮಸಿ ಕಕ್ಕಿತು. ಆಮೇಲೆ ಒಳಗಿನಿಂದ ಸುಂಯ್ ಎಂದು ಸೀಟಿ ಕೇಳಿಸಿತು. ಟರ್ಬೊ! ನನ್ನ ಟರ್ಬೊ! ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತಾರು ಜನ ಹಿಂದಿನಿಂದ ಹೋ ಎಂದು ಕೂಗಿದರು. ಎತ್ತಿನ ಬಂಡಿಯನ್ನು ದಾಟುವಾಗ ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು, "ಹಗ್ಗ ಬೇಕೇನೋ?" ಎಂದು ಕೇಳಿದೆ. ಹುಮನಾಬಾದ್ ಯಾವಾಗ ಬಂತು, ಯಾವಾಗ ಹೋಯಿತು, ನನಗಂತೂ ತಿಳಿಯಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ದುಬಲಗುಂಡಿಯ ಹೊಲದ ಬದುವಿನಲ್ಲಿ ನಿಂತೆವು. ಅಂಬಲಿ ಒಂದು ಹನಿ ಚೆಲ್ಲಿರಲಿಲ್ಲ. ಮಾವ ಜೋಳದ ದಂಟಿನ ಕೊಂಪೆಯ ಮುಂದಿನಿಂದ ಎದ್ದು ಓಡಿ ಬಂದರು. "ಶಾಬಾಶ್ ಮಗಳ! ಏನ್ ಹೊಡದಿ ಗಾಡಿ!" ಎಂದು ಅವಳ ಬೆನ್ನು ತಟ್ಟಿ, ನನ್ನ ಕಡೆ ತಿರುಗಿದರು. "ಏ ತಮ್ಮಾ ಕ್ಲೀನರ್, ಮಾರಿ ತೊಳ್ಕೊಂಡು ಊಟಕ್ಕ ಬಾ. ನಮ್ಮ ಅಳ್ಯಾ ಎಲ್ಲಿ?"

ಈಗ ಮಿಸ್ತ್ರಿಯ ಅಪ್ಪಣೆಯಂತೆ ಗಾಡಿ ವಾರಕ್ಕೆರಡು ಸಲ ಪಾತ್ರೆ ಹೇರಿಕೊಂಡು ಮಂಠಾಳದ ಬಾಜಾರಿಗೆ ಹೋಗುತ್ತದೆ. ಟರ್ಬೊ ಸೊಗಸಾಗಿ ಸೀಟಿ ಹೊಡೆಯುತ್ತದೆ. ಓಡಿಸುವವಳು ಸುವರ್ಣಾ. ನಿಂತಲ್ಲೇ ರೇಸ್ ಮಾಡುವ ಸೇವೆ ರದ್ದಾಗಿದೆ, ಚಾವಿ ಅವಳ ಸೊಂಟದಲ್ಲಿದೆ. ಪಾತ್ರೆ ಕಡಿಮೆಯಿದ್ದ ದಿನ ಮಾತ್ರ ಅಂಗಳದಿಂದ ನನಗೆ ಕರೆ ಬರುತ್ತದೆ.

"ರೀ, ಬರ್ರಿ, ಹಿಂದ ಹತ್ರಿ. ಇವತ್ತ ಲೋಡ್ ಕಮ್ಮಿ ಅದ!"

ನಾನು ಹತ್ತುತ್ತೇನೆ.